ಬಲಗಡೆಯ ಹಿಂದಿನ ಗಾಲಿ

ಗಾಲಿ ತಿರುಗಿಸುವವಳು ಮಹಾತಾಯಿ, ನಾವು ಬರೀ ಸ್ಟೀರಿಂಗ್ ಹಿಡಿದು ಕೂತವರು ಎಂದು ನಮ್ಮಮ್ಮ ಹೇಳುತ್ತಾಳೆ. ನನ್ನ ತಂಗಿ ಬೆನೀತಾಳ ಗಂಡ ಹಿಲಾರ್ಯೋನಿಗೂ ಈ ಮಾತು ಒಪ್ಪಿಗೆಯೇ. ಆದರೆ ಒಪ್ಪಿಕೊಂಡು ಸುಮ್ಮನೆ ಕೂರುವ ಜಾಯಮಾನ ಅವನದಲ್ಲ.

ಮಳೆಗಾಲದಲ್ಲಿ ಗಂಡಹೆಂಡತಿ ಕೆಳಗಿನ ಕಣಿವೆಯಿಂದ ಕಿತ್ತಳೆ ತುಂಬಿಕೊಂಡು ಘಾಟಿ ಹತ್ತಿ ಬರುತ್ತಿದ್ದರು. ಬೆನೀತಾಳಿಗೆ ಜೋಂಪು ಹತ್ತಿತ್ತು. ದಡಾರನೆ ಸದ್ದಾಗಿ ಕಣ್ಣು ಬಿಟ್ಟರೆ ಕಾರು ನಿಂತಿದೆ, ಕಿಟಕಿಯಾಚೆ ಬರೀ ಮಂಜು. "ಏನೂ ಇಲ್ಲ, ಒಂದು ಕಲ್ಲು ಚಿಮ್ಮಿತು ಅಷ್ಟೇ" ಎಂದ ಹಿಲಾರ್ಯೋ. ಹೇಳುವಾಗಲೂ ಅವನು ಸ್ಟೀರಿಂಗನ್ನು ಬಿಗಿಹಿಡಿದೇ ಇದ್ದ.

ಆವತ್ತಿನಿಂದ ಅವಳು ಕಾರು ಹತ್ತಲಿಲ್ಲ. ನಮ್ಮೂರು ಎಲ್ ಆಲ್ತೊದ ಚಳಿಗಾಳಿಯಲ್ಲಿ ಕಿತ್ತಳೆ ಗಂಟನ್ನು ಬೆನ್ನಿಗೆ ಕಟ್ಟಿಕೊಂಡು ಸಂತೆಗೆ ನಡೆದೇ ಹೋಗುವಳು. ಹಿಲಾರ್ಯೋ ಖಾಲಿ ಕಾರನ್ನು ಅವಳ ಪಕ್ಕದಲ್ಲೇ ಆಮೆಯ ಹಾಗೆ ಬಿಟ್ಟುಕೊಂಡು ಬರುವನು. ಬೀದಿಯವರಿಗೆಲ್ಲ ನಗು.

ಒಂದು ದಿನ ಅವಳೇ ಬಾಯಿ ಬಿಟ್ಟಳು. "ಕೊಪಕಬಾನಾ ತಾಯಿಯ ಇಗರ್ಜಿ ಮುಂದೆ ಕಾರು ನಿಲ್ಲಿಸು. ಪಾದ್ರಿಗಳು ತೀರ್ಥ ಹಾಕಲಿ. ಆಮೇಲೆ ನನ್ನ ಮನಸ್ಸು ಹೂಂ ಅಂದ್ರೆ ಹತ್ತೀನಿ. ಇಲ್ಲಾಂದ್ರೆ ಇನ್ಯಾವತ್ತೂ ಹತ್ತು ಅಂತ ಕೇಳಬಾರದು."

ಹೊರಡುವ ಭಾನುವಾರ ಗೊತ್ತಾದ ಮೇಲೆ ಹಿಲಾರ್ಯೋನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನನ್ನನ್ನು ಅಂಗಳಕ್ಕೆ ಕರೆದು ಬಲಗಡೆಯ ಹಿಂದಿನ ಗಾಲಿ ತೋರಿಸಿದ. ಅಲಾಯ್ ಗಾಲಿಯ ಅಂಚಿನಲ್ಲಿ ಅಂಗೈ ಉದ್ದದ ಗಾಯ. ಬಂಡೆ ಕಚ್ಚಿಕೊಂಡು ಹೋದ ಜಾಗಕ್ಕೆ ಅವನು ಗ್ರೀಸೂ ಕೆಸರೂ ಬಳಿದು ಮರೆ ಮಾಡಿದ್ದ.

"ಇದು ಅವಳ ಕಣ್ಣಿಗೆ ಬಿದ್ರೆ ನನ್ನ ಕಥೆ ಮುಗೀತು, ಭಾವ."

ಒಂದೇ ಗಾಲಿ ಹೊಳೆದರೆ ಅನುಮಾನ ಬರುವುದಿಲ್ಲವೇ? ಹಾಗಾಗಿ ನಾಲ್ಕನ್ನೂ ಬಿಚ್ಚಿ ಇಟ್ಟಿಗೆಯ ಮೇಲಿಟ್ಟೆವು. ಬಣ್ಣ ಬಿಡಿಸುವ ದ್ರಾವಣ ಬಳಿದು, ಆರದಂತೆ ಪ್ಲಾಸ್ಟಿಕ್ ಸುತ್ತಿದೆವು. ಹಳೆಯ ಬಣ್ಣ ಹಾಲಿನ ಕೆನೆಯಂತೆ ಸುಕ್ಕಾಗಿ ಎದ್ದಿತು. ತಂತಿ ಬ್ರಷ್ಷಿನಲ್ಲಿ ಕೆರೆದು, ನೀರು ಹಾಕುತ್ತ ಉಪ್ಪುಕಾಗದದಲ್ಲಿ ಉಜ್ಜಿದೆವು. ಗಾಯಕ್ಕೆ ಪುಟ್ಟಿ ಮೆತ್ತಿದ್ದಾಯಿತು. ಸಿಂಪಡಿಸುವಾಗ ಬೆಳ್ಳಿ ಬಣ್ಣ ಟೈರಿಗೆ ಹಾರಬಾರದೆಂದು ಹಿಲಾರ್ಯೋ ಟೈರಿಗೂ ಗಾಲಿಗೂ ನಡುವೆ ಸುತ್ತಲೂ ಇಸ್ಪೀಟೆಲೆ ಸಿಕ್ಕಿಸಿದ. ಅವು ಅಮ್ಮನ ಎಲೆಗಳು.

"ಅಳಿಯಂದಿರೇ, ನನ್ನ ರಾಜರಿಗೆಲ್ಲ ಬೆಳ್ಳಿ ಮುಖ ಬಂತು," ಎಂದಳು ಅಮ್ಮ. "ಇನ್ನು ಆಟದಲ್ಲಿ ಯಾರು ಯಾರು ಅಂತ ನೀವೇ ಹೇಳಿ."

"ಹೊಸ ಕಟ್ಟು ತಂದ್ಕೊಡ್ತೀನಿ ಬಿಡಿ ಅತ್ತೆ."

"ಮೊದಲು ನಿಮ್ಮ ಹೆಂಡತೀನ ಕಾರಿಗೆ ಹತ್ತಿಸಿ."

ಬಣ್ಣದಂಗಡಿಯವನು ಹೇಳಿಯೇ ಇದ್ದ: ಇದು ಬೆಚ್ಚಗಿನ ಊರಿನ ಬಣ್ಣ, ನಮ್ಮ ಚಳಿಗೆ ಬೇಗ ಗಟ್ಟಿಯಾಗದು, ಕೆಲವು ವಾರ ಪೆಟ್ರೋಲು ಸಾರಾಯಿ ಏನನ್ನೂ ಸೋಕಿಸಬೇಡಿ. ಭಾನುವಾರ ಕಾಯುತ್ತದೆಯೇ? ಹಿಲಾರ್ಯೋ ಗಾಲಿಗಳನ್ನು ಅಡುಗೆಮನೆಗೆ ಉರುಳಿಸಿ ಒಲೆಯ ಸುತ್ತ ನಿಲ್ಲಿಸಿದ. ಆರಿತೇ ಎಂದು ಮುಟ್ಟಿ ನೋಡುವನು, ಬೆರಳಚ್ಚು ಮೂಡುವುದು. ಅದನ್ನು ಉಜ್ಜಿ ಮತ್ತೆ ಬಣ್ಣ ಹೊಡೆಯುವನು, ಮತ್ತೆ ಎದ್ದು ಬಂದು ಮುಟ್ಟುವನು. ದೇವರು ಜಗತ್ತನ್ನು ಮಾಡಿ ಏಳನೆಯ ದಿನ ಕೈ ಕಟ್ಟಿ ಕೂತನಂತೆ. ನನ್ನ ಭಾವಮೈದುನನಿಗೆ ಆ ದಿನವೇ ಇರಲಿಲ್ಲ.

ಭಾನುವಾರ ಅವನೂ ನಾನೂ ಕಾರಿನಲ್ಲಿ ಹೋದೆವು, ತಂಗಿಯೂ ಅಮ್ಮನೂ ಬಸ್ಸಿನಲ್ಲಿ. ಇಗರ್ಜಿಯ ಮುಂದೆ ಕಾರುಗಳ ಸಾಲು. ನಮ್ಮ ಕಾರಿಗೂ ಹೂವಿನ ಹಾರ ಬಿತ್ತು, ಬಣ್ಣದ ಕಾಗದದ ಚೂರು ಬಿತ್ತು. ಪಾದ್ರಿಗಳು ಬಂದು ಹೂವಿನ ಗೊಂಚಲಿನಿಂದ ತೀರ್ಥ ಚಿಮುಕಿಸಿ ಮುಂದಿನ ಕಾರಿಗೆ ನಡೆದರು. ಗಾಲಿಗಳು ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು. ಹಿಲಾರ್ಯೋ ಅಷ್ಟು ದಿನದಲ್ಲಿ ಮೊದಲ ಸಲ ನೀಳವಾಗಿ ಉಸಿರು ಬಿಟ್ಟ.

ಆಗ ಬೆನೀತಾ ಸೆರಗಿನ ಗಂಟಿನಿಂದ ಸಾರಾಯಿ ಶೀಷೆ ತೆಗೆದಳು. ತೀರ್ಥ ಸ್ವರ್ಗದ ತಾಯಿಯದು. ಗಾಲಿ ಉರುಳುವುದು ಭೂತಾಯಿಯ ಮೈಮೇಲೆ, ಅವಳ ಪಾಲನ್ನು ಗಾಲಿಗೇ ಎರೆಯಬೇಕು. ಹುಟ್ಟಿದಾಗಿನಿಂದ ಕಂಡ ಈ ಪದ್ಧತಿಯನ್ನು ನಾವಿಬ್ಬರೂ ಬಣ್ಣದ ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದೆವು.

"ಬೀರ್ ಹಾಕೋಣ ಬೆನೀತಾ, ಸಾರಾಯಿ ಬೇಡ."

"ಯಾಕೆ?"

"ಸುಮ್ನೆ."

"ಭೂಮ್ತಾಯಿಗೆ ಕೊಡೋದ್ರಲ್ಲೂ ಜಿಪುಣತನವಾ ಅಳಿಯಂದಿರೇ?" ಎಂದಳು ಅಮ್ಮ.

ಬೆನೀತಾ ಕಾರಿನ ಸುತ್ತ ಬಂದು ಎರೆದಳು. ಹಿಂದಿನ ಬಲಗಾಲಿ ಕೊನೆಯದು. ನೋಡುನೋಡುತ್ತಲೇ ನಾಲ್ಕರಲ್ಲೂ ಬೆಳ್ಳಿ ಬಣ್ಣ ಮಂಕಾಯಿತು, ಕೆನೆಗಟ್ಟಿತು, ಜಾರಿತು. ಕೊನೆಯದರಲ್ಲಿ ಅಡಿಯ ಪುಟ್ಟಿಯೂ ಚಕ್ಕೆಯಾಗಿ ಬಿತ್ತು. ಬೆನೀತಾ ಕುಕ್ಕರುಗಾಲಿನಲ್ಲಿ ಕೂತು ಗಾಯದ ಉದ್ದಕ್ಕೂ ಬೆರಳು ಆಡಿಸಿದಳು.

"ಇದೇನಾ ನೀನಂದ ಕಲ್ಲು?"

ಹಿಲಾರ್ಯೋ ತಲೆ ಅಲ್ಲಾಡಿಸಿದ. "ಕಲ್ಲಲ್ಲ, ಬಂಡೆ. ಲಾರಿಗೆ ದಾರಿ ಬಿಡೋಕೆ ಹೋದೆ."

"ಆಚೆ ಕಡೆ, ಪ್ರಪಾತಕ್ಕೆ ಮುಂಚೆ ರಸ್ತೆ ಎಷ್ಟು ಉಳಿದಿತ್ತು?"

ಅವನು ಕೈ ಚಾಚಿ ಒಂದು ಗೇಣು ತೋರಿಸಿದ.

ಅವಳು ಆ ಗೇಣಿಗೆ ತನ್ನ ಗೇಣು ಹಿಡಿದು ಅಳೆದಳು. "ಅವತ್ತೇ ಸತ್ತೆನೇನೋ, ಬದುಕಿರೋದೇ ಸುಳ್ಳೇನೋ ಅನ್ನೋ ಹಾಗೆ ಇಷ್ಟು ದಿನ ನಡೆದೆ ಕಣೋ. ತಾಯಿ ಒಂದು ಗೇಣು ಉಳಿಸಿಟ್ಟಿದ್ಲಲ್ಲ," ಎಂದು, ಶೀಷೆಯಲ್ಲಿ ಉಳಿದದ್ದನ್ನೆಲ್ಲ ಗಾಯದ ಮೇಲೆ ಸುರಿದಳು. ಎದ್ದು ಪಾದ್ರಿಗಳನ್ನು ಕೂಗಿದಳು: "ಸ್ವಾಮೀ, ಇಲ್ಲೊಂದು ಚೂರು ಹಾಕಿ ಹೋಗಿ."

ತೀರ್ಥ ಬಿದ್ದ ಮೇಲೆ ಹಿಂದಿನ ಬಾಗಿಲು ತೆರೆದು, ಅದೇ ಗಾಲಿಯ ಪಕ್ಕಕ್ಕೆ ಕೂತಳು. ಹಿಲಾರ್ಯೋ ಬೀಗದ ಕೈ ಹಾಕಲು ಮೂರು ಸಲ ತಡಕಾಡಿದ.

"ನಿಧಾನ," ಎಂದಳು ಬೆನೀತಾ, ಕಾರು ಇನ್ನೂ ಹೊರಡುವ ಮೊದಲೇ.

"ನಿಧಾನಕ್ಕೇ ಹೋಗ್ತೀನಿ."

"ಅವತ್ತೂ ಹಿಂಗೇ ಅಂದಿದ್ದೆ," ಎಂದು ಅವಳು ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.