ಯಾವ ‘ನಾವು’?

ಪಕ್ಷದ ಕಚೇರಿಯ ಮೂರನೇ ಮಹಡಿಯಲ್ಲಿ ದುಭಾಷಿಯಮ್ಮ ಕಾಲು ಸುಟ್ಟ ಬೆಕ್ಕಿನ ಹಾಗೆ ಅತ್ತಿಂದಿತ್ತ ಓಡಾಡುತ್ತಿದ್ದಳು. ಫಿಲ್ಟರಿನ ಹತ್ತಿರ ಹೋಗುವುದು, ಲೋಟ ತುಂಬಿಸುವುದು, ಕುಡಿಯದೆ ಕಿಟಕಿ ಕಟ್ಟೆಯ ಮೇಲಿಟ್ಟು ಬರುವುದು. ಅಲ್ಲಿ ಆಗಲೇ ನಾಲ್ಕು ಲೋಟ ಸಾಲಾಗಿ ನಿಂತಿದ್ದವು.

“ಅಮ್ಮಾ, ನೀರಿರೋದು ಕುಡಿಯೋಕೆ, ಜೋಡಿಸೋಕಲ್ಲ,” ಅಂದ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ನರೆತ ತಲೆಯ ಜವಾನ.

“ಗಂಟಲಲ್ಲಿ ಇಳೀಬೇಕಲ್ಲಪ್ಪ,” ಅಂದಳು ಅವಳು.

ಗಂಟೆ ಎರಡು. ನಾಲ್ಕಕ್ಕೆ ಓಟು. ಸಂಸದರೆಲ್ಲ ಸೇರಿ ಪಕ್ಷಕ್ಕೆ ಹೊಸ ನಾಯಕನನ್ನು ಆರಿಸುತ್ತಾರೆ; ಗೆದ್ದವರೇ ನಾಳೆ ಪ್ರಧಾನಿ. ಕಣದಲ್ಲಿ ಉಳಿದವರು ಇಬ್ಬರು. ಒಬ್ಬರು ಅಜ್ಜನ ಕಾಲದಿಂದ ಮಂತ್ರಿಗಿರಿ ಕಂಡ ಮನೆಯವರು. ಇನ್ನೊಬ್ಬ ಇವಳ ತಮ್ಮ. ದೇಶದಲ್ಲಿ ನೂರಕ್ಕೆ ನಾಲ್ಕು ಮಂದಿಯೂ ಇಲ್ಲದ, ಭಾಷೆ ಬೇರೆ, ಮುಖಚಹರೆ ಬೇರೆ ಅನ್ನಿಸಿಕೊಂಡ ಒಂದು ಸಣ್ಣ ಜನಾಂಗದಿಂದ ಈ ಮೆಟ್ಟಿಲ ತನಕ ಬಂದವನು ಅವನೇ ಮೊದಲು.

ಎಲ್ಲಾ ಸರಿಯಾಗಿಯೇ ಇತ್ತು, ನಿನ್ನೆ ಬೆಳಿಗ್ಗೆ ಅವನು ಬಾಯಿ ಬಿಡುವ ತನಕ. ಟಿವಿಯವರು ಮೈಕು ಹಿಡಿದು, “ನಿಮ್ಮ ಭಾಷೇಲೂ ಒಂದು ಮಾತು ಹೇಳಿ ಸಾರ್,” ಅಂದರು. ಅವನಿಗೂ ಉಮೇದು. ಎದುರಿಗಿದ್ದ ಜನರ ಕಡೆಗೆಲ್ಲ ಕೈ ಬೀಸಿ, ಮನೆ ಭಾಷೆಯಲ್ಲಿ, “ಈ ದೇಶ ನಮ್ಮದು” ಅಂದುಬಿಟ್ಟ.

ಆ ಮನೆ ಭಾಷೆಯಲ್ಲಿ ‘ನಾವು’ ಎರಡು. ಕೇಳುತ್ತಿರುವವರನ್ನೂ ಒಳಗೆ ಸೇರಿಸಿಕೊಂಡರೆ ಅದು ಕೂಡಿದ ನಾವು. ಅವರನ್ನು ಹೊರಗಿಟ್ಟು ಆಡಿದರೆ ಬಿಟ್ಟ ನಾವು. ಮನೆಗೆ ಬಂದ ನೆಂಟರ ಮುಂದೆ “ಇನ್ನು ನಾವು ಊಟಕ್ಕೆ ಕೂರೋಣ” ಅನ್ನುವಾಗ ತಪ್ಪು ‘ನಾವು’ ಬಾಯಿಗೆ ಬಂತೋ, ನೆಂಟರು ಚಪ್ಪಲಿ ಮೆಟ್ಟಿಕೊಂಡು ಹೊರಡಬೇಕಾದ್ದೇ. ಟಿವಿ ಮುಂದೆ ತಮ್ಮ ಆಡಿದ್ದು ಬಿಟ್ಟ ನಾವು. ಮಧ್ಯಾಹ್ನದೊಳಗೆ ಎದುರಾಳಿಯ ಕಡೆಯವರು ಅದನ್ನು ದೇಶದ ಭಾಷೆಗೆ ತಿರುಗಿಸಿ ಮೊಬೈಲಿಂದ ಮೊಬೈಲಿಗೆ ಹರಡಿದ್ದರು: ‘ಈ ದೇಶ ನಮ್ಮದು, ನಿಮ್ಮದಲ್ಲ.’

ಕೋರ್ಟಿನ ದುಭಾಷಿಯನ್ನೇ ಕರೆಸಿ ಕೇಳೋಣ ಅಂದರು ಪಕ್ಷದ ಹಿರಿಯರು. ಆ ಭಾಷೆಗೆ ಕೋರ್ಟಿನಲ್ಲಿ ಇದ್ದವಳು ಇವಳೊಬ್ಬಳೇ. “ಅವನ ಅಕ್ಕ ಅಲ್ವಾ ಆಕೆ?” ಅಂತ ಯಾರೋ ರಾಗ ಎಳೆದರಂತೆ. ಎದುರಾಳಿಯ ವಕೀಲನೇ, “ಸ್ವಂತ ಸೋದರಮಾವ ‘ಕದ್ದೆ’ ಅಂದದ್ದನ್ನ ಜಡ್ಜ್ ಮುಂದೆ ‘ಕದ್ದೆ’ ಅಂತಲೇ ಹೇಳಿದ ಹೆಂಗಸು ಕಣ್ರಿ ಅದು, ಕರೆಸ್ರಿ,” ಅಂದನಂತೆ. ಮಾವ ಅವಳ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷ.

ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ತಮ್ಮ ಬಂದ. ಅಂಗಿಯ ಮೇಲಿನ ಗುಂಡಿ ಹಾಕುತ್ತಿದ್ದ, ಬಿಚ್ಚುತ್ತಿದ್ದ.

“ಅಕ್ಕಾ, ಒಂದೇ ಒಂದು ಸಾಲು. ಎಲ್ಲರನ್ನೂ ಸೇರಿಸಿಯೇ ಹೇಳಿದ್ದು ಅಂತ ಹೇಳ್ಬಿಡು. ನನ್ನ ಮನಸ್ಸಲ್ಲಿ ಇದ್ದದ್ದು ಅದೇ ತಾನೆ?”

“ಮನಸ್ಸಲ್ಲಿ ಇದ್ದದ್ದು ಗೊತ್ತು ಕಣೋ. ಬಾಯಿಗೆ ಬಂದದ್ದು ಬೇರೆ.”

“ಏನು ಬೇರೆ? ಸರಿಯಾಗೇ ಹೇಳ್ದೆ. ಚಿಕ್ಕಂದಿನಿಂದ ಹಾಗೇ ಹೇಳ್ತಿದೀನಿ.”

ಚಿಕ್ಕಂದಿನಿಂದ ಹಾಗೇ ಹೇಳುತ್ತಿದ್ದ, ಅದೇ ಅಲ್ಲವೇ ಸಂಗತಿ. ಏನೋ ಹೇಳಹೊರಟಳು. ಅಷ್ಟರಲ್ಲಿ ಜವಾನ ಬಾಗಿಲು ತೆರೆದು, “ಒಳಗೆ ಕರೀತಿದಾರೆ,” ಅಂದ.

ಒಳಗೆ ಮೂವರು ಹಿರಿಯರು, ಬಾಗಿಲ ಪಕ್ಕ ಎದುರಾಳಿಯ ವಕೀಲ. ನಡುವೆ ಕೂತ ಬಿಳಿ ಮೀಸೆಯವರು ಫೋನಿನಲ್ಲಿ ಆ ತುಣುಕು ಹಾಕಿ ಕೇಳಿಸಿದರು.

“ಏನಮ್ಮಾ ಇದರ ಅರ್ಥ?”

“ಈ ದೇಶ ನಮ್ಮದು. ಕೇಳ್ತಾ ಇರೋ ನಿಮ್ಮನ್ನ ಬಿಟ್ಟು,” ಅಂದಳು.

ವಕೀಲ ಫೈಲು ಮುಚ್ಚಿದ. ಅವಳ ಜೊತೆ ಒಳಗೆ ಬಂದು ಕೂತಿದ್ದ ತಮ್ಮ, ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಇನ್ನೂ ಮುಗಿದಿಲ್ಲ ಸ್ವಾಮಿ,” ಅಂದಳು ದುಭಾಷಿಯಮ್ಮ. “ನಮ್ಮ ಭಾಷೆ ಕಲಿತ ಹೊರಗಿನವರೆಲ್ಲ ಮಾಡೋ ತಪ್ಪಿದು. ಅವರ ಮುಂದೆ ನಮ್ಮ ವಿಷಯ ಹೇಳ್ಕೊಳೋವಾಗ ನಾವು ಆಡೋದೇ ಬಿಟ್ಟ ನಾವು. ಅವರ ಕಿವಿಗೆ ಬೀಳೋದು ಅದೊಂದೇ, ಅವರು ಕಲಿಯೋದೂ ಅದೊಂದೇ. ಇವನನ್ನ ಆರನೇ ವರ್ಷಕ್ಕೇ ಹಾಸ್ಟೆಲಿಗೆ ಹಾಕಿದ್ರು. ಅಲ್ಲಿ ಬರೀ ನಿಮ್ಮ ಭಾಷೆ. ರಜಕ್ಕೆ ಬಂದಾಗ ತಪ್ಪು ಆಡಿದ್ರೆ ನಾವು ನಗ್ತಿದ್ವಿ. ‘ಅಪರೂಪಕ್ಕೆ ಬರ್ತಾನೆ, ಯಾರೂ ತಿದ್ದಕೂಡದು’ ಅಂತ ಅಮ್ಮ ಗದರಿಸಿಬಿಟ್ಲು. ಅವತ್ತಿಂದ ಯಾರೂ ತಿದ್ದಿಲ್ಲ. ಇವತ್ತಿಗೂ ಫೋನ್ ಮಾಡಿ ‘ನಮ್ಮ ಮನೆ ಹೇಗಿದೆ ಅಮ್ಮ’ ಅಂತ ಕೇಳ್ತಾನೆ. ಅದೂ ಬಿಟ್ಟ ನಾವೇ. ಮನೇಲಿರೋ ಅಮ್ಮನನ್ನೇ ಬಿಟ್ಟು ‘ನಮ್ಮ ಮನೆ’! ನನ್ನ ತಮ್ಮ ಮನೆ ಭಾಷೆ ಆಡೋದು ಹೊರಗಿನವರ ಹಾಗೆ.”

ಬಿಳಿ ಮೀಸೆಯವರು ಮೇಜು ಕುಟ್ಟಿ ನಕ್ಕರು. “ಅಂದ್ರೆ ಇವರಿಗೆ ತಾಯಿಭಾಷೇನೇ ನೆಟ್ಟಗೆ ಬರಲ್ಲ! ಹಾಗಾದ್ರೆ ಇವರು ನಮ್ಮೋರೇ ಬಿಡ್ರಿ!”

ಎಲ್ಲರೂ ನಕ್ಕರು. ವಕೀಲನೂ ಹುಳ್ಳಗೆ ನಕ್ಕ. ಪತ್ರಿಕೆಯವರಿಗೆ ಹಂಚಲು ಅದನ್ನೇ ಟೈಪು ಮಾಡಿಸಿ ಅಂತ ಹೇಳಿ ಕಳಿಸಿದರು. ತಮ್ಮ ಮಾತ್ರ ನಗಲಿಲ್ಲ.

“ನಾನು ಅಮ್ಮನ ಹತ್ರಾನೂ ಹಾಗೇ ಅಂತಿದ್ನಾ?” ಅಂದ, ದೇಶದ ಭಾಷೆಯಲ್ಲೇ.

“ಹ್ಞೂಂ.”

“ಅವಳೇನಂತಿದ್ಲು?”

“ಫೋನ್ ಇಟ್ಟು ನಗ್ತಿದ್ಲು. ಒಂದೊಂದು ಸಲ ಕಣ್ಣು ಒರೆಸ್ಕೊಳ್ತಿದ್ಲು.”

ಅವನು ಅಂಗಿಯ ಗುಂಡಿ ಹಾಕಿಕೊಂಡು ಓಟಿನ ಹಾಲಿಗೆ ನಡೆದ.

ನಾಲ್ಕಾಯಿತು, ಐದಾಯಿತು. ಕಿಟಕಿ ಕಟ್ಟೆಯ ಮೇಲೆ ಲೋಟಗಳು ಏಳಾದವು. ಕೆಳಗೆ ರಸ್ತೆಯಲ್ಲಿ ಎರಡೂ ಕಡೆಯವರ ಗಲಾಟೆ. ಯಾರು ಯಾರಿಗೆ ಜೈ ಅನ್ನುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ತಾನು ಹೇಳಿದ್ದು ನಿಜವೇ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೂ ಮಾವನ ಕೇಸಿನ ದಿನ ಹೀಗೆ ಲೋಟ ಜೋಡಿಸಿರಲಿಲ್ಲ.

ಜವಾನ ಹಾಲಿನ ಕಡೆಯಿಂದ ಓಡಿಬಂದ. “ಅಮ್ಮಾ! ನಮ್ಮೋರೇ ಗೆದ್ರು! ಆರು ಓಟು ಜಾಸ್ತಿ!”

ಅವಳು ಕಂಬದ ಹಾಗೆ ನಿಂತಳು. ನಮ್ಮೋರು ಅಂದರೆ ಯಾರು? ಈ ಜವಾನನೂ ಎದುರಾಳಿಯ ಜನಾಂಗದವನೇ ಅಲ್ಲವೇ?

“ಯಾ... ಯಾರಪ್ಪ?”

“ಅಯ್ಯೋ, ನಿಮ್ ತಮ್ಮಾನೇ ಕಣಮ್ಮ! ಇನ್ಯಾರು?”

ಅವಳು ಸಾಲಿನ ಮೊದಲ ಲೋಟ ಎತ್ತಿ ಗಟಗಟನೆ ಕುಡಿದಳು.

ಅವಳ ತಮ್ಮ, ಹೂಹಾರದ ಸಮೇತ, ಕ್ಯಾಮೆರಾಗಳ ನಡುವೆ ದಾರಿ ಮಾಡಿಕೊಂಡು ಬಂದು ಅವಳ ಕೈ ಹಿಡಿದ. ಅವಳು ಮನೆ ಭಾಷೆಯಲ್ಲಿ ಏನೋ ಅಂದಳು. ಅವನು ತಲೆಯಾಡಿಸಿದ.

“ಬೇಡ ಅಕ್ಕ. ಇನ್ಮೇಲೆ ನಾನು ಆ ಭಾಷೆ ಆಡಲ್ಲ. ಆಡಿದ್ರೆ ತಪ್ಪಾಗುತ್ತೆ.”

ಅವನನ್ನು ಮೈಕಿನ ಕಡೆಗೆ ಎಳೆದುಕೊಂಡು ಹೋದರು. ದೇಶದ ಭಾಷೆಯಲ್ಲೇ ಭಾಷಣ ಶುರುವಾಯಿತು. ಅಷ್ಟರಲ್ಲಿ ಅವಳ ಫೋನು. ಅಮ್ಮ.

“ಟಿವೀಲಿ ನೋಡ್ತಾ ಇದೀನಿ ಕಣೇ. ಬೀದಿಯೋರೆಲ್ಲ ಇಲ್ಲೇ ಇದಾರೆ. ಅವನಿಗೆ ಭಾಷೆ ಬರಲ್ಲ ಅಂತ ನೀನೇ ಹೇಳಿದ್ಯಂತೆ?”

“ಹೇಳ್ದೆ ಅಮ್ಮ.”

ಆ ಕಡೆಯಿಂದಲೂ ಅದೇ ಭಾಷಣ ಕೇಳಿಬರುತ್ತಿತ್ತು.

“ಸರಿ ಹೋಗ್ಲಿ. ಈಗ ‘ನಮ್ಮ ದೇಶ’ ಅಂದ್ನಲ್ಲ, ಅದು ಯಾವ ‘ನಮ್ಮ’?”

“ಆ ಭಾಷೇಲಿ ಇರೋದು ಒಂದೇ ಅಮ್ಮ.”

“ಅದು ನಂಗೂ ಗೊತ್ತು ಕಣೇ. ಅವನನ್ನ ಕೇಳಿ ಹೇಳು.”