ಪುಟದ ಕೆಳಗಿನ ಬಿಳಿ ಜಾಗ

ಸೊಸೆ ವೆಬ್ ಡಿಸೈನ್ ಕಲಿಯಲು ಸೇರಿದ್ದು ಕದ್ದುಮುಚ್ಚಿ ಏನಲ್ಲ. "ಕಲಿ, ಕಲಿ. ನಮ್ಮ ಅಂಗಡಿಗೂ ಒಂದು ಪುಟ ಮಾಡ್ಕೊಡು" ಎಂದು ಅತ್ತೆಯೇ ಕಳಿಸಿದ್ದರು.

ಅಂಗಡಿ ಎಂದರೆ ಮನೆಯ ಕೆಳಗಿನ ಹೊಲಿಗೆ ಅಂಗಡಿ. ಅಲ್ಲಿ ಹೊಸ ಬಟ್ಟೆ ಹೊಲಿಯುವುದು ಕಡಿಮೆ, ಹಳೆಯದನ್ನು ಸರಿಮಾಡುವುದೇ ಹೆಚ್ಚು. ಪ್ಯಾಂಟಿನ ಉದ್ದ ಕತ್ತರಿಸುವುದು, ಜಾಕೆಟ್ಟಿನ ಜಿಪ್ ಬದಲಿಸುವುದು, ಸೊಂಟ ಸಡಿಲ ಮಾಡುವುದು, "ಬಟ್ಟೆ ಕುಗ್ಗಿಬಿಟ್ಟಿದೆ" ಎನ್ನುವ ಗಿರಾಕಿಯ ಹೊಟ್ಟೆಯ ಕಡೆ ನೋಡದೆ ಹೌದು ಹೌದು ಎಂದು ತಲೆಯಾಡಿಸುವುದು. ಇದಿಷ್ಟನ್ನೂ ಅತ್ತೆ ಒಬ್ಬರೇ ಮಾಡಿಕೊಂಡು ಬಂದಿದ್ದರು. ಈಗ ಅವರ ಕಣ್ಣು ಮಂಜಾಗಿತ್ತು. ಸೂಜಿಗೆ ದಾರ ಪೋಣಿಸಲು ಸೊಸೆ ಬೇಕು, ಹೊಲಿಗೆ ನೆಟ್ಟಗಿದೆಯೇ ಎಂದು ನೋಡಲು ಬೆರಳು ಬೇಕು. ಅದಕ್ಕೇ ಇನ್ನು ಅಂಗಡಿ ಸೊಸೆಯದು ಎಂದು ಅವರು ಮನಸ್ಸಿನಲ್ಲೇ ತೀರ್ಮಾನಿಸಿ, 'ಅತ್ತೆ-ಸೊಸೆ ಹೊಲಿಗೆ ಅಂಗಡಿ' ಎಂಬ ಹೊಸ ಬೋರ್ಡಿಗೆ ಪೇಂಟರಿಗೆ ಹೇಳಿಯೂ ಆಗಿತ್ತು.

ಸೊಸೆಗೆ ಆ ಅಂಗಡಿ ಬೇಡವಾಗಿತ್ತು. ಬೋರ್ಡು ಮೇಲೇರುವುದರೊಳಗೆ ಹೇಳಿಬಿಡಬೇಕು ಎಂದು ದಿನಾ ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿಕೊಂಡು ಮೆಟ್ಟಿಲಿಳಿಯುತ್ತಿದ್ದಳು. ಅತ್ತೆಯ ಮುಖ ಕಂಡ ಕೂಡಲೇ ನಾಲಿಗೆ ಹೊರಳುತ್ತಿರಲಿಲ್ಲ. ಅವಳಿಗೆ ಜ್ವರ ಬಂದಾಗ ತುಂಬಿದ ಅಂಗಡಿಯ ಶಟರ್ ಎಳೆದು ಬಂದು ತಲೆಯ ಹತ್ತಿರ ಕೂತಿದ್ದ ಹೆಂಗಸಿಗೆ "ನಿಮ್ಮ ಅಂಗಡಿ ನನಗೆ ಬೇಡ" ಎನ್ನುವುದು ಹೇಗೆ? ದಾರ ಪೋಣಿಸಿ ಕೊಟ್ಟು ತರಗತಿಗೆ ಹೊರಟುಹೋಗುತ್ತಿದ್ದಳು.

ತರಗತಿಯ ಮೇಷ್ಟ್ರು ಬೇರೆಯದೇ ಗಿರಾಕಿ. ಮೊದಲ ದಿನವೇ ಹೇಳಿದ್ದರು: "ಎಲ್ಲರೂ ಒಂದೊಂದು ಬ್ಲಾಗ್ ಬರೀಬೇಕು. ನಿಮಗೆ ಗೊತ್ತಿರೋದನ್ನ, ನಿಜ ಇರೋದನ್ನ ಬರೀರಿ. ಪ್ರತಿ ವಾರ ಅದೇ ಪುಟ ಇನ್ನಷ್ಟು ಚೆನ್ನಾಗಿ ಕಾಣಬೇಕು. ಬರೆದದ್ದನ್ನ ಮಾತ್ರ ಅಳಿಸೋ ಹಾಗಿಲ್ಲ. ಬಣ್ಣ ಬದಲಾಯಿಸಿ, ಜಾಗ ಬದಲಾಯಿಸಿ, ಮಾತು ಮುಟ್ಟಬೇಡಿ. ಮಾತು ತಿದ್ದುತ್ತಾ ಕೂತರೆ ಡಿಸೈನ್ ಯಾವ ಕಾಲಕ್ಕೆ ಕಲೀತೀರಿ?"

ಓದುವವರು ಮೇಷ್ಟ್ರೊಬ್ಬರೇ ತಾನೇ ಎಂದು ಸೊಸೆ ಎದೆ ಬಿಚ್ಚಿ ಬರೆದಳು. ಮೊದಲು ಅಂಗಡಿಯ ವರ್ಣನೆ: ಗಾಜಿನ ಭರಣಿಗಳಲ್ಲಿ ತುಂಬಿದ ಗುಂಡಿಗಳು, ಅತ್ತೆಯ ಕೊರಳಿನ ಅಳತೆಪಟ್ಟಿ, ಬೇರೆ ಯಾರೂ ಮುಟ್ಟಬಾರದ ದೊಡ್ಡ ಕತ್ತರಿ. ಆಮೇಲೆ ಕೈ ಸಡಿಲವಾಯಿತು. ಅತ್ತೆ ಅಡುಗೆಗೆ ಉಪ್ಪು ಸುರಿಯುತ್ತಾರೆ ಎಂದು ಬರೆದಳು. ಅವರ ಮಧ್ಯಾಹ್ನದ ಗೊರಕೆಗೆ ಕಿಟಕಿ ಗಾಜು ಅಲುಗುತ್ತದೆ, ರೇಡಿಯೋ ಹಾಕಿದರೆ ಬೀದಿಯ ಆ ತುದಿಗೂ ಕೇಳಬೇಕು, ಈ ಅಂಗಡಿ ನನಗೆ ಬೇಡ, ಕತ್ತಲ ಮೂಲೆಯಲ್ಲಿ ಮಷಿನ್ ಮುಂದೆ ಕೂತರೆ ಉಸಿರು ಕಟ್ಟುತ್ತದೆ ಎಂದೂ ಬರೆದಳು. ಕೊನೆಗೆ ಇನ್ನೊಂದೆರಡು ಸಾಲು ಸೇರಿಸಿ ಕಣ್ಣೊರೆಸಿಕೊಂಡು ಪುಟವನ್ನು ಇಂಟರ್ನೆಟ್ಟಿಗೆ ಏರಿಸಿದಳು.

ಗಂಡ ವ್ಯಾನ್ ಓಡಿಸುವವನು. ಯಾವುದನ್ನೂ ಎರಡು ಸಾಲಿಗಿಂತ ಹೆಚ್ಚು ಓದುವ ಪೈಕಿಯಲ್ಲ. ಮೊದಲ ಎರಡು ಸಾಲು ಓದಿ ಉಬ್ಬಿಹೋಗಿ, "ಅಮ್ಮಾ, ಇವಳು ನಮ್ಮ ಅಂಗಡಿ ಬಗ್ಗೆ ಬರೆದಿದಾಳೆ" ಎಂದು ಊರಿಗೆಲ್ಲ ಡಂಗುರ ಸಾರಿದ. ಅತ್ತೆಗೆ ಯಾರಾದರೂ ಪೂರ್ತಿ ಓದಿ ಹೇಳಿಬಿಟ್ಟರೆ ಎಂದು ಸೊಸೆ ಹೆದರಿದಳು. ಅಳಿಸುವಂತಿಲ್ಲ, ಬಣ್ಣ ಬದಲಾಯಿಸಬಹುದು. ಆ ವಾರ ತಾನೇ ಕಲಿತ ವಿದ್ಯೆ. ಉಪ್ಪಿನಿಂದ ಕೊನೆಯ ಸಾಲಿನವರೆಗೆ ಅಷ್ಟೂ ಅಕ್ಷರಗಳನ್ನು ಬಿಳಿ ಹಾಳೆಯ ಮೇಲೆ ಬಿಳಿಯಾಗಿಸಿದಳು. ಮೇಲೆ ಕಪ್ಪಗೆ ಹೊಗಳಿಕೆ, ಕೆಳಗೆ ಖಾಲಿ.

ಮೇಷ್ಟ್ರು ಮುಂದಿನ ವಾರ ಪುಟ ತೆರೆದು, "ಇಲ್ಲಿ ಇಷ್ಟು ಜಾಗ ಯಾಕೆ ಬಿಟ್ಟಿದೀಯಮ್ಮ?" ಎಂದರು.

"ಕಣ್ಣಿಗೆ ಆರಾಮಾಗ್ಲಿ ಅಂತ ಸಾರ್."

ಮೇಷ್ಟ್ರಿಗೆ ಖುಷಿಯೋ ಖುಷಿ. ಉಳಿದವರು ಪುಟದಲ್ಲಿ ಸಾಮಾನು ತುರುಕುತ್ತಾರೆ, ಇವಳನ್ನು ನೋಡಿ ಕಲಿಯಿರಿ ಎಂದು ಬೆನ್ನು ತಟ್ಟಿದರು. ಒಂದೇ ತಕರಾರು. "ತಲೆಬರಹ ಎಲ್ಲಿ? ಬಂದವರಿಗೆ ಮೊದಲು ಏನು ಸಿಗಬೇಕು? ನಿನಗೆ ಎಲ್ಲಕ್ಕಿಂತ ಯಾವುದು ಮುಖ್ಯವೋ ಅದು ಮೇಲೆ ಬರಬೇಕು." ಅವಳು 'ನಮ್ಮ ಅಂಗಡಿ' ಎಂದು ಹಾಕಿದಳು. ಅವರು ತಲೆ ಅಲ್ಲಾಡಿಸಿದರು. ಮತ್ತೊಂದು ವಾರ 'ಸೂಜಿ ಮತ್ತು ದಾರ' ಎಂದು ಹಾಕಿದಳು. ಅದಕ್ಕೂ ಮೂಗು ಮುರಿದರು.

ಈ ನಡುವೆ ಮನೆಯಲ್ಲಿ ಅವಳ ಅದೃಷ್ಟ ಖುಲಾಯಿಸಿತ್ತು. ಅಡುಗೆಯಲ್ಲಿ ಉಪ್ಪು ಹದಕ್ಕೆ ಬಂತು. ರೇಡಿಯೋ ತಾನೇ ತಗ್ಗಿತು. ಅತ್ತೆ ಮಧ್ಯಾಹ್ನ ಗೋಡೆ ಕಡೆ ಮಗ್ಗುಲಾಗಿ ಮಲಗತೊಡಗಿದರು. ಒಂದು ದಿನ ನೋಡಿದರೆ ಅಂಗಡಿಯ ಕಿಟಕಿಯ ಹತ್ತಿರವಿದ್ದ ತಮ್ಮ ಕತ್ತರಿಸುವ ಮೇಜನ್ನು ಒಳಕ್ಕೆ ಎಳೆಸಿದ್ದರು. "ಬೆಳಕು ಕಣ್ಣಿಗೆ ಚುಚ್ಚುತ್ತೆ. ನಿನ್ನ ಕಂಪ್ಯೂಟರ್ ಬೇಕಾದ್ರೆ ಅಲ್ಲಿ ಇಟ್ಕೋ." ಪೇಂಟರಿಗಂತೂ ಪುರುಸೊತ್ತೇ ಇರಲಿಲ್ಲ. ಅತ್ತೆ ಕೇಳಿದಾಗಲೆಲ್ಲ ಏನೋ ನೆಪ ಹೇಳುತ್ತಿದ್ದನಂತೆ. ಸೊಸೆ ಆ ಸೋಮಾರಿಗೆ ಮನಸ್ಸಿನಲ್ಲೇ ಕೈಮುಗಿದಳು. ಪಾಪ, ಬುದ್ಧಿವಂತ ಹುಡುಗಿ. ಕಣ್ಣ ಮುಂದಿದ್ದದ್ದು ಮಾತ್ರ ಕಾಣಲಿಲ್ಲ.

ಒಂದು ಮಧ್ಯಾಹ್ನ ತರಗತಿಯ ಕಡೆ ಕರೆಂಟ್ ಹೋಗಿ ಪಾಠ ಬೇಗ ಮುಗಿಯಿತು. ಅಂಗಡಿಯ ಬಾಗಿಲಿಗೆ ಬಂದವಳಿಗೆ ಒಳಗಿಂದ ಯಾರೋ ಓದುವ ದನಿ ಕೇಳಿಸಿತು. ಏರಿಳಿತವಿಲ್ಲದ ದನಿ. ಗುಂಡಿಯ ಭರಣಿಗೆ ಒರಗಿಸಿಟ್ಟ ಅತ್ತೆಯ ಫೋನು ಅವಳ ಬ್ಲಾಗನ್ನು ಗಟ್ಟಿಯಾಗಿ ಓದುತ್ತಿತ್ತು. ಅಮ್ಮನಿಗೆ ಅಕ್ಷರ ಕಾಣುವುದಿಲ್ಲವೆಂದು ಮಗ ಹಾಗೆ ಮಾಡಿಕೊಟ್ಟಿದ್ದ. ದೊಡ್ಡ ಕತ್ತರಿಯ ಸಾಲು ಮುಗಿಯಿತು. ಫೋನು ನಿಲ್ಲಲಿಲ್ಲ. ಅದಕ್ಕೇನು ಕಣ್ಣೇ? ಬಿಳಿಯೋ ಕರಿಯೋ, ಅದಕ್ಕೆ ಅಕ್ಷರ ಅಕ್ಷರವೇ. ಉಪ್ಪು ಬಂತು, ಗೊರಕೆ ಬಂತು.

ಸೊಸೆ ಬಾಗಿಲಲ್ಲೇ ನಿಂತಳು. ಅತ್ತೆ ಬೆನ್ನು ಮಾಡಿ ಕೂತು ಒಂದು ಪ್ಯಾಂಟಿನ ಹೊಲಿಗೆ ಬಿಚ್ಚುತ್ತಿದ್ದರು. "ಈಗ ಕಿಟಕಿ ಗಾಜು" ಎಂದರು ತಮ್ಮಷ್ಟಕ್ಕೆ. ಕಿಟಕಿ ಗಾಜು ಅಲುಗುತ್ತದೆ ಎಂದಿತು ಫೋನು. "ರೇಡಿಯೋ" ಎಂದರು. ಫೋನು ರೇಡಿಯೋ ಎಂದಿತು. ಅವರಿಗೆ ಅಷ್ಟೂ ಬಾಯಿಪಾಠವಾಗಿತ್ತು. ಈ ಅಂಗಡಿ ನನಗೆ ಬೇಡ ಎಂದು ಫೋನು ಓದುವಾಗ ಅವರ ಕೈ ನಿಲ್ಲಲಿಲ್ಲ. ಕೊನೆಯ ಸಾಲಿಗೆ ಮುಂಚೆ ಮಾತ್ರ ಪ್ಯಾಂಟು ತೊಡೆಯ ಮೇಲಿಟ್ಟು, ಫೋನಿಗಿಂತ ಮೊದಲೇ ಮೆಲ್ಲಗೆ ಹೇಳಿಕೊಂಡರು: "ಅಂಗಡಿ ಬೇಡ, ಅತ್ತೆ ಬೇಕು."

ಬಾಗಿಲಲ್ಲಿ ಬಿಕ್ಕಿದ ಸದ್ದಾಯಿತು. ಅತ್ತೆ ತಿರುಗಿದರು.

"ಬಂದ್ಯಾ? ನಿಂತಿದೀಯಲ್ಲ, ಒಳಗೆ ಬಾ."

"ಅತ್ತೆ, ಯಾವಾಗಿಂದ ಕೇಳ್ತಿದೀರಿ?"

"ಅವನು ಫೋನಲ್ಲಿ ಹಾಕ್ಕೊಟ್ಟ ದಿನದಿಂದ."

"ಮತ್ತೆ ಒಂದು ಮಾತೂ ಆಡ್ಲಿಲ್ಲ ನೀವು."

"ಆಡಿದ್ರೆ ನೀನು ಬರೆಯೋದನ್ನೇ ಬಿಟ್ಬಿಡ್ತಿದ್ದೆ." ಅತ್ತೆ ದಾರದ ತುಣುಕು ಕೊಡವಿದರು. "ಸುಳ್ಳು ಯಾಕೆ ಹೇಳ್ಲಿ, ಮೊದಲ ದಿನ ಅತ್ತುಬಿಟ್ಟೆ ನಾನು. ಸಿಟ್ಟೂ ಬಂತು. ಉಪ್ಪಿನ ಡಬ್ಬಿ ಎತ್ತಿ ಒಗೀಬೇಕು ಅನ್ನಿಸ್ತು. ಆಮೇಲೆ ಪೂರ್ತಿ ಕೇಳಿದೆ. ಈ ಹಾಳಾದ್ದಕ್ಕೆ ನಡುವಿಂದ ಓದು ಅಂದ್ರೆ ಬರಲ್ಲ ಕಣೇ. ಆ ಒಂದು ಸಾಲಿಗೋಸ್ಕರ ದಿನಾ ನನ್ನ ಗೊರಕೆ ದಾಟ್ಕೊಂಡು ಹೋಗ್ಬೇಕು."

ಸೊಸೆಗೆ ಅಳುವುದೋ ನಗುವುದೋ ತಿಳಿಯದೆ ಎರಡೂ ಒಟ್ಟಿಗೆ ಬಂದವು. "ಹಾಗಾದ್ರೆ ಆ ಪೇಂಟರ್?"

"ಅವನು ಕೇಳ್ತಾನೇ ಇದಾನೆ ಪಾಪ. ನಾನೇ ಬೇಡ ಅಂದೆ. ನೀನಾಗೇ ಬಾಯಿಬಿಟ್ಟು ಹೇಳ್ತೀಯೇನೋ ಅಂತ ಕಾದೆ. ಏನೇ ಹುಡುಗಿ, ಅಂಗಡಿ ನೋಡ್ಕೊಳ್ಳೋಕೆ ಅಂತ ಸೊಸೆ ತಂದ್ಕೊಂಡ್ನಾ ನಾನು? ಆಗೋವಷ್ಟು ದಿನ ಹೊಲೀತೀನಿ, ಆಗದೇ ಹೋದ್ರೆ ಶಟರ್ ಎಳೀತೀನಿ. ಅಲ್ಲೀವರೆಗೆ ದಾರ ಒಂದು ಪೋಣಿಸಿ ಕೊಡು, ಸಾಕು."

ಎಷ್ಟೋ ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತನ್ನು ಸೊಸೆ ಆಗ ಬಾಯಿಬಿಟ್ಟು ಹೇಳಿದಳು. "ಅಂಗಡಿ ಬೇಡ ಅತ್ತೆ."

"ಅರ್ಧ ಹೇಳ್ತೀಯಲ್ಲ" ಎಂದರು ಅತ್ತೆ.

ಉಳಿದರ್ಧಕ್ಕೆ ಅವಳು ಕಿಟಕಿಯ ಹತ್ತಿರದ ಮೇಜಿಗೆ ಹೋಗಿ ಕಂಪ್ಯೂಟರ್ ತೆರೆದಳು. ಬಿಳಿ ಅಕ್ಷರಗಳನ್ನೆಲ್ಲ ಮತ್ತೆ ಕಪ್ಪು ಮಾಡಿದಳು, ಉಪ್ಪು ಗೊರಕೆ ಸಮೇತ. ಜಾಗ ಬದಲಾಯಿಸಬಹುದು ಎಂದು ಮೇಷ್ಟ್ರೇ ಹೇಳಿದ್ದರಲ್ಲ, ಕೊನೆಯ ಸಾಲನ್ನು ಎತ್ತಿ ಎಲ್ಲಕ್ಕಿಂತ ಮೇಲೆ ತಂದು, ತಲೆಬರಹ ಮಾಡಿ, ದಪ್ಪ ಅಕ್ಷರದಲ್ಲಿ ಕೂರಿಸಿದಳು. "ಈಗ ಹಾಕಿ ನೋಡಿ ಅತ್ತೆ" ಎಂದಳು.

ಅತ್ತೆ ತಡಕಾಡಿ ಫೋನು ಒತ್ತಿದರು. ಅದು ಮೊದಲಿಗೇ ಆ ಸಾಲು ಓದಿತು. ಅತ್ತೆ ಅಲ್ಲಿಗೇ ಅದನ್ನು ನಿಲ್ಲಿಸಿದರು. ಆಮೇಲೆ ಮತ್ತೆ ಮೊದಲಿಂದ ಹಾಕಿದರು.