ಅತ್ತೆಯ ಬಟ್ಟಲಿಗೆ ಕೆನೆಹಾಲು

ನನಗೆ ಸಿಟ್ಟು ಬೇಗ ಬರುತ್ತದೆ, ಒಪ್ಪಿಕೊಳ್ಳುತ್ತೇನೆ. ನಾನು ಒಸಾಕಾದವಳು. ನಮ್ಮ ಕಡೆ ಮೀನು ಕೆಟ್ಟಿದ್ದರೆ ಅಂಗಡಿಯವನ ಮುಖಕ್ಕೇ ಹೇಳುತ್ತೇವೆ, ಅವನೂ ಎರಡು ಮಾತು ಅನ್ನುತ್ತಾನೆ, ಅಲ್ಲಿಗೆ ಮುಗಿಯಿತು. ಕ್ಯೋಟೋ ಪಕ್ಕದ ಚಹಾದೂರು ಉಜಿಯ ಈ ಚಹಾ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದು ತಲೆ ನರೆತರೂ ಇಲ್ಲಿಯವರ ಮಾತು ನನಗೆ ಒಗ್ಗಲಿಲ್ಲ. ಇವರು ಬೈಯುವುದಿಲ್ಲ, ಹೊಗಳುತ್ತಾರೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು. ಆ ಹೊಗಳಿಕೆಯನ್ನು ಆಮೇಲೆ ಒಬ್ಬಳೇ ಕೂತು ಬಿಡಿಸಿ ನೋಡಿದರೆ ಒಳಗೆ ಬೈಗುಳ ಬೆಚ್ಚಗೆ ಮಲಗಿರುತ್ತದೆ.

ಫೆಬ್ರವರಿಯಲ್ಲಿ ನನ್ನ ನಾದಿನಿ ಚಿಜುರು ಕ್ಯೋಟೋದಿಂದ ಬಂದಿದ್ದಳು. ಅಲ್ಲಿ ಅವಳು ಪದ್ಧತಿಯಂತೆ ಚಹಾ ಮಾಡಿ ಬಡಿಸುವ ಕಲೆ ಕಲಿಸುವ ಗುರು. ಶಿಷ್ಯೆಯರು ಅವಳೆದುರು ಉಸಿರನ್ನೂ ಅಳೆದು ಬಿಡುತ್ತಾರಂತೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಒಲೆಯ ಮೇಲಿನ ಹಾಲಿನ ಪಾತ್ರೆ ನೋಡಿದಳು. ಪಕ್ಕದಲ್ಲಿದ್ದ ಮಾಚಾ ಎಂಬ ಹಸಿರು ಚಹಾ ಪುಡಿಯ ಡಬ್ಬಿ ನೋಡಿದಳು. ಆಮೇಲೆ ಮುಗುಳ್ನಕ್ಕಳು.

"ಅತ್ತಿಗೆ, ನಿಮ್ಮ ಅಡುಗೆಮನೆ ಎಷ್ಟು ಕಳೆಕಳೆಯಾಗಿದೆ! ಒಳ್ಳೆ ಸ್ಟೇಷನ್ ಮುಂದಿನ ಕಾಫಿ ಅಂಗಡಿ ತರ."

ಅಂದರೆ ನಮ್ಮ ಮನೆತನದ ಮಾನ ಕಳೆದೆ ಎಂದು ಅರ್ಥ. ನನಗೆ ಮೈಯೆಲ್ಲ ಉರಿಯಿತು. ಆದರೆ ಆ ಹಾಲಿನ ಕಥೆ ಅವಳಿಗೇನು ಗೊತ್ತು?

ಅದಕ್ಕೆ ಹಿಂದಿನ ಶರತ್ಕಾಲದ ಕೊನೆಗೆ ಅತ್ತೆ ಶಿಗೆನೊಗೆ ಲಕ್ವ ಹೊಡೆದಿತ್ತು. ಕೈಕಾಲು ಹೆಚ್ಚುಕಡಿಮೆ ವಾಪಸ್ಸು ಬಂದವು, ಮಾತು ತೊದಲುತ್ತಾ ಬಂತು, ಗಂಟಲು ಮಾತ್ರ ಬರಲಿಲ್ಲ. ನೀರು, ಸಾರು, ಚಹಾ, ತೆಳ್ಳಗಿರುವುದು ಯಾವುದನ್ನು ಕುಡಿದರೂ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ಒಮ್ಮೆ ಹಾಗಾಗಿಯೇ ನ್ಯುಮೋನಿಯಾ ಹಿಡಿದು ಮತ್ತೆ ಆಸ್ಪತ್ರೆ ಸೇರಿದರು. ಇನ್ನೊಂದು ಸಲ ಹೀಗಾದರೆ ಈ ವಯಸ್ಸಿಗೆ ತಡೆಯುವುದಿಲ್ಲ ಎಂದು ಡಾಕ್ಟರು ನನ್ನನ್ನೂ ನನ್ನ ಗಂಡ ಯಾಸುಹಾರುವನ್ನೂ ಕೂರಿಸಿಕೊಂಡು ಹೇಳಿದರು. ಕುಡಿಯುವುದನ್ನೆಲ್ಲ ಗಟ್ಟಿ ಮಾಡಿ ಕೊಡಿ ಎಂದು ಒಂದು ಪುಡಿಯನ್ನೂ ಕೊಟ್ಟರು.

ಆ ಪುಡಿ ಹಾಕಿದ ಚಹಾವನ್ನು ಅತ್ತೆ ಒಂದೇ ಸಲ ಬಾಯಿಗಿಟ್ಟದ್ದು. ಥೂ ಎಂದು ಉಗಿದರು.

"ಇದನ್ನ ಬಾಗಿಲಿಗೆ ಕಾಗದ ಅಂಟಿಸೋಕೆ ಇಟ್ಕೋ."

ಆ ಹೆಂಗಸು ಆರು ವರ್ಷದ ಹುಡುಗಿಯಾಗಿದ್ದಾಗಿನಿಂದ ಚಹಾ ರುಚಿ ನೋಡಿಕೊಂಡು ಬಂದವರು. ಎಲೆ ಮೂಸಿ ಯಾವ ಇಳಿಜಾರಿನದು ಎಂದು ಹೇಳುತ್ತಿದ್ದವರು. ಅವರಿಗೆ ಅಂಟು ಕೊಟ್ಟರೆ ಕುಡಿಯುತ್ತಾರೆಯೇ? ಕುಡಿಯುವುದನ್ನೇ ಬಿಟ್ಟರು. ತುಟಿ ಒಡೆಯಿತು, ಕಣ್ಣು ಒಳಗೆ ಹೋಯಿತು. ನನ್ನ ಗಂಡ "ಅಮ್ಮಾ, ಸ್ವಲ್ಪ" ಎನ್ನುವುದು, ಅವರು ಗೋಡೆ ಕಡೆ ತಿರುಗುವುದು. ಒಂದು ಬೆಳಿಗ್ಗೆ ನಾನೂ ಕೂಗಾಡಿಬಿಟ್ಟೆ. "ಬಾಯಾರಿ ಸಾಯ್ತೀರಾ? ಚಹಾದೂರಲ್ಲಿ? ಜನ ನನ್ನ ಮುಖಕ್ಕೆ ಉಗೀತಾರೆ!"

ಅತ್ತೆ ತೊದಲುತ್ತಾ, "ಮಿಸೊ ಡಬ್ಬಿ ಹಿಂದೆ ಬಚ್ಚಿಡ್ತೀಯಲ್ಲ, ಅದನ್ನ ತಾ" ಅಂದರು.

ನಾನು ನಿಂತಲ್ಲೇ ಕಲ್ಲಾದೆ. ಸಾರಿಗೆ ಹಾಕುವ ಮಿಸೊ ಡಬ್ಬಿಯ ಹಿಂದೆ ಇದ್ದದ್ದು ನನ್ನ ಕೆನೆಹಾಲಿನ ಜಾಡಿ. ಹಾಲನ್ನು ಸಣ್ಣ ಉರಿಯಲ್ಲಿ ಅರ್ಧ ಆಗುವವರೆಗೆ ಬತ್ತಿಸಿ, ಒಂದಿಷ್ಟು ಡಬ್ಬಿಯ ಗಟ್ಟಿ ಸಿಹಿ ಹಾಲು ಸೇರಿಸಿ ಇಟ್ಟದ್ದು. ಮದುವೆಯಾಗಿ ಬಂದ ಹೊಸದರಿಂದಲೂ, ಎಲ್ಲರೂ ಅಂಗಡಿಯಲ್ಲಿರುವಾಗ, ಒಳ್ಳೆಯ ಮಾಚಾವನ್ನು ಅದರಲ್ಲಿ ಕಡೆದು ಒಬ್ಬಳೇ ಕುಡಿಯುತ್ತಿದ್ದೆ. ಹಾಲು ಬೇಕಾಗುವುದು ಕೆಟ್ಟ ಚಹಾಕ್ಕೆ ಎಂಬುದು ಈ ಮನೆಯ ವೇದವಾಕ್ಯ. ಅತ್ತೆಯೇ ಬಂದವರಿಗೆಲ್ಲ ಹೇಳುತ್ತಿದ್ದರು. ಇಷ್ಟು ವರ್ಷವೂ ಗೊತ್ತಿದ್ದು ಗೊತ್ತಿಲ್ಲದಂತೆ ಇದ್ದರಲ್ಲ! ಬೈದಿದ್ದರೆ ಅವರೆದುರಿಗೇ ಕೂತು ನೆಮ್ಮದಿಯಾಗಿ ಕುಡಿಯುತ್ತಿದ್ದೆ.

ಕೆನೆಹಾಲು ಮಾತ್ರವಾದರೆ ಅವರ ಗಂಟಲಿಗೆ ಇನ್ನೂ ತೆಳು. ಅದಕ್ಕೆ ಕುಜು ಹಿಟ್ಟು ಸೇರಿಸಿದೆ. ಬೆಟ್ಟದ ಬಳ್ಳಿಯ ಗೆಡ್ಡೆಯಿಂದ ತೆಗೆಯುವ ಬಿಳಿ ಹಿಟ್ಟು ಅದು. ಜ್ವರ ಬಂದ ಮಕ್ಕಳಿಗೆ ಗಂಜಿ ಮಾಡಿ ಕೊಡುತ್ತೇವೆ. ತಣ್ಣನೆಯ ಹಾಲಿನಲ್ಲಿ ಕದಡಿ, ಒಲೆಯ ಮೇಲಿಟ್ಟು, ಒಂದೇ ದಿಕ್ಕಿಗೆ ತಿರುಗಿಸುತ್ತಿದ್ದರೆ ಹಾಲು ನಿಧಾನವಾಗಿ ಭಾರವಾಗುತ್ತದೆ, ಹೊಳಪು ಬರುತ್ತದೆ. ಅದರಲ್ಲಿ ಅತ್ತೆಯ ಇಷ್ಟದ ಮಾಚಾವನ್ನೇ ಬಿದಿರಿನ ಕಡೆಗೋಲಿನಿಂದ ಕಡೆದೆ. ಹಸಿರು ಬೆಣ್ಣೆಯ ಹಾಗಾಯಿತು. ಅದನ್ನು ನಮ್ಮ ಡಾಕ್ಟರಿಗೂ ತೋರಿಸಿದೆ. ಚಮಚದಲ್ಲಿ ಎತ್ತಿ ಸುರಿದು ನೋಡಿ, ಇಷ್ಟು ಗಟ್ಟಿ ಸಾಕು ಅಂದರು.

ಅತ್ತೆ ಕುಡಿದರು. ಕೆಮ್ಮಲಿಲ್ಲ. ಪೂರ್ತಿ ಕುಡಿದರು.

ಅಂದಿನಿಂದ ದಿನವೂ ಕುಡಿದರು, ತುಟಿ ಮೆತ್ತಗಾಯಿತು, ನನ್ನನ್ನು ಗದರಿಸುವಷ್ಟು ಶಕ್ತಿಯೂ ಬಂತು. ಆದರೆ ಒಂದು ವಿಷಯ ನನ್ನನ್ನು ಒಳಗೇ ಕೊರೆಯುತ್ತಿತ್ತು. ಇಲ್ಲಿ ಚಹಾ ಕುಡಿಯುವವರು ಕೊನೆಯ ಗುಟುಕನ್ನು ಸುರ್ ಎಂದು ಸದ್ದು ಮಾಡಿ ಹೀರುತ್ತಾರೆ. ಮುಗಿಯಿತು, ಚೆನ್ನಾಗಿತ್ತು ಎಂದು ಮಾಡಿಕೊಟ್ಟವರಿಗೆ ತಿಳಿಸುವ ಪದ್ಧತಿ. ಅತ್ತೆಯ ಸುರ್ ಪಕ್ಕದ ಕೋಣೆಗೂ ಕೇಳುತ್ತಿತ್ತು. ಸೊಸೆಯಾಗಿ ಬಂದ ವಾರ ಅದನ್ನು ಕೇಳಿ ಕಿಸಕ್ಕನೆ ನಕ್ಕು ಗಂಡನಿಂದ ತಿವಿಸಿಕೊಂಡಿದ್ದೆ. ನನ್ನ ಕೆನೆಮಾಚಾಗೆ ಮಾತ್ರ ಆ ಸದ್ದಿಲ್ಲ. ಔಷಧಿ ಕುಡಿದ ಹಾಗೆ ಕುಡಿದು ಬಟ್ಟಲು ಕೆಳಗಿಡುವುದು. ಜೀವ ಉಳಿಸಿದರೂ ಅದು ಚಹಾ ಅಲ್ಲವಂತೆ! ಎಂಥ ಜಂಬ!

ಮೇ ತಿಂಗಳಲ್ಲಿ ಅತ್ತೆಗೆ ಎಂಬತ್ತೆಂಟು ತುಂಬಿತು. ನಮ್ಮಲ್ಲಿ ಅದು ದೊಡ್ಡ ಹಬ್ಬ. ಹಳದಿ ಟೊಪ್ಪಿ, ಹಳದಿ ತೋಳಿಲ್ಲದ ಅಂಗಿ ಹಾಕಿಸಿ ಕೂರಿಸಬೇಕು. ಹಿತ್ತಲಿನ ಚಹಾದ ಕೋಣೆಯಲ್ಲಿ ಚಿಜುರು ತಾನೇ ಚಹಾ ಮಾಡಿ ಬಡಿಸುವುದು ಎಂದಾಯಿತು. ಬಂಧುಗಳು ಬಂದರು, ಚಹಾ ಹರಾಜಿನಲ್ಲೇ ಮುದುಕರಾದ ಹಳೆಯ ವ್ಯಾಪಾರಿ ಹೊರಿಗುಚಿ ಯಜಮಾನರೂ ಬಂದರು.

ಬೆಳಿಗ್ಗೆಯೇ ನಾನು ಚಿಜುರುವನ್ನು ಹಿಡಿದು ನಿಲ್ಲಿಸಿದೆ. "ನೋಡು, ಅಮ್ಮಂಗೆ ತೆಳು ಚಹಾ ಕೊಡ್ಬೇಡ. ಗಂಟಲಿಗೆ ಇಳಿಯಲ್ಲ, ಅಪಾಯ. ಅವರ ಬಟ್ಟಲು ನಾನು ಬೇರೆ ರೆಡಿ ಇಟ್ಟಿದೀನಿ."

"ಅತ್ತಿಗೆ ಎಷ್ಟು ಯೋಚನೆ ಮಾಡ್ತೀರ! ನೀವಿರೋದಕ್ಕೆ ನಂಗೆಷ್ಟು ನೆಮ್ಮದಿ" ಅಂದಳು, ತಲೆ ಬಾಗಿಸಿ.

ನಾನು ದಡ್ಡಿ, ಅದನ್ನು ಹೂಂ ಅಂದುಕೊಂಡೆ. ಇಲ್ಲಿಯ ನೀರು ಕುಡಿದು ಇಷ್ಟು ವರ್ಷವಾದರೂ ಅದನ್ನು ಹೂಂ ಅಂದುಕೊಂಡೆ! ಕ್ಯೋಟೋದಲ್ಲಿ ಅದು ಆಗುವುದಿಲ್ಲ ಎನ್ನುವುದಕ್ಕೆ ಹೇಳುವ ಮಾತು.

ನನ್ನ ಜಾಗ ಚಹಾದ ಕೋಣೆಯ ಹಿಂದಿನ ಪಾತ್ರೆ ತೊಳೆಯುವ ಗೂಡು. ಈ ಮನೆಗೆ ಬಂದಾಗಿನಿಂದ ಅದೇ. ಜಾರುಬಾಗಿಲಿನ ಸಂದಿಯಲ್ಲಿ ನೋಡುತ್ತಿದ್ದೆ. ಅತ್ತೆ ಮೊದಲ ಸ್ಥಾನದಲ್ಲಿ, ಸಣ್ಣ ಮಣೆಯ ಮೇಲೆ, ಹಳದಿ ಟೊಪ್ಪಿ ಹಾಕಿಕೊಂಡು ಕೂತಿದ್ದರು. ಅವರ ಪಕ್ಕ ಹೊರಿಗುಚಿ, ಆಮೇಲೆ ನನ್ನ ಗಂಡ, ಮಿಕ್ಕವರು ಸಾಲಾಗಿ. ಚಿಜುರುವಿನ ಕೈ ಕೆಲಸ ಚೆನ್ನಾಗಿರುತ್ತದೆ, ಅದನ್ನು ಇಲ್ಲ ಎನ್ನಲಾರೆ. ಕಡೆದಳು, ನೊರೆ ಎದ್ದಿತು, ಬಟ್ಟಲನ್ನು ತಿರುಗಿಸಿ ಅಮ್ಮನ ಮುಂದೆ ಇಟ್ಟಳು.

ತೆಳು ಚಹಾ.

ನನ್ನ ಗಂಡನ ಮುಖ ಬಿಳಿಚಿಕೊಂಡಿತು. ಅವನಿಗೆ ಗೊತ್ತು, ಡಾಕ್ಟರ ಮುಂದೆ ಕೂತಿದ್ದವನು ಅವನೇ. ಆದರೆ ಅತಿಥಿಗಳ ಮುಂದೆ ಗುರುವಿನ ಬಟ್ಟಲನ್ನು ತಡೆಯುವುದೇ? ಸೂರಿನ ಕಡೆ ನೋಡತೊಡಗಿದ. ತಾಯಿಯ ಜೀವಕ್ಕಿಂತ ಮರ್ಯಾದೆ ಮುಖ್ಯ ಈ ಮನೆಯ ಗಂಡಸರಿಗೆ. ಅತ್ತೆಯಾದರೂ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಬಟ್ಟಲನ್ನು ನೋಡಿದರು, ಮಗಳನ್ನು ನೋಡಿದರು, ಎರಡೂ ಕೈಯಲ್ಲಿ ಎತ್ತಿ ಹಣೆ ಬಾಗಿಸಿದರು. ಪದ್ಧತಿಯಂತೆ ಬಟ್ಟಲನ್ನು ತಿರುಗಿಸತೊಡಗಿದರು.

ನಾನು ಬಾಗಿಲು ಎಳೆದು ಒಳಗೆ ನುಗ್ಗಿದೆ. ಏಪ್ರನ್‌ನಲ್ಲಿ, ಒದ್ದೆ ಕೈಯಲ್ಲಿ. ಅತ್ತೆಯ ತುಟಿಯ ಹತ್ತಿರದಿಂದ ಬಟ್ಟಲು ಕಿತ್ತುಕೊಂಡೆ. ಕೆಳಗಿಡಲು ಜಾಗ ತೋಚದೆ ನಾನೇ ನಿಂತುಕೊಂಡೇ ಗಟಗಟ ಕುಡಿದುಬಿಟ್ಟೆ.

"ಚೆನ್ನಾಗಿದೆ" ಅಂದೆ. ಬೇರೇನು ಹೇಳಲಿ?

ಚಿಜುರು ತುಟಿ ಮಾತ್ರ ಆಡಿಸಿ, "ಒಸಾಕಾದವರು ಎಷ್ಟು ಉತ್ಸಾಹಿಗಳು" ಅಂದಳು.

"ಹೌದಮ್ಮ, ಉತ್ಸಾಹ! ನಿಮ್ಮಮ್ಮ ಬದುಕಿರ್ಲಿ ಅನ್ನೋ ಉತ್ಸಾಹ!" ಅಂದೆ. "ಬೆಳಿಗ್ಗೆ ಬಾಯಿ ಬಿಟ್ಟು ಹೇಳಿದ್ನಲ್ಲ? ನೀರು ನುಂಗೋಕಾಗಲ್ಲ ಅವ್ರಿಗೆ!"

"ಮೆಲ್ಲಗೆ" ಎಂದ ನನ್ನ ಗಂಡ.

"ನೀನು ಸೂರು ನೋಡ್ತಾ ಕೂತ್ಕೋ!"

ಗೂಡಿಗೆ ಹೋಗಿ ನನ್ನ ಬಟ್ಟಲು ತಂದು ಅತ್ತೆಯ ಮುಂದೆ ಇಟ್ಟೆ. ನನ್ನನ್ನು ಮನೆಯಿಂದ ಹೊರಗೆ ಹಾಕಿದರೆ ಹಾಕಲಿ ಅನ್ನಿಸಿತ್ತು.

ಅತ್ತೆ ಬಟ್ಟಲು ಎತ್ತಿದರು. ತಿರುಗಿಸಿದರು. ನಿಧಾನವಾಗಿ ಒಂದು ಗುಟುಕು, ಎರಡು, ಮೂರು. ಆಮೇಲೆ ಅಲ್ಲಿಗೇ ನಿಲ್ಲಿಸಿದರು. ಸೊಂಟದ ಪಟ್ಟಿಯಿಂದ ಕಾಗದ ತೆಗೆದು ತಾವು ತುಟಿಯಿಟ್ಟ ಅಂಚನ್ನು ಒರೆಸಿದರು. ಬಟ್ಟಲನ್ನು ಪಕ್ಕಕ್ಕೆ, ಹೊರಿಗುಚಿಯವರ ಕೈಗೆ, ಚಾಚಿದರು.

ಎಲ್ಲರಿಗೂ ಅರ್ಥವಾಯಿತು. ಗಟ್ಟಿ ಚಹಾ ಮಾಡಿದಾಗ ಒಂದೇ ಬಟ್ಟಲು ಸಾಲಿನುದ್ದಕ್ಕೂ ಹೋಗುತ್ತದೆ. ಮೊದಲ ಅತಿಥಿ ಕುಡಿದು ಕೊಟ್ಟದ್ದನ್ನು ಯಾರೂ ಬೇಡ ಅನ್ನುವಂತಿಲ್ಲ. ಅದಕ್ಕಿಂತ ದೊಡ್ಡ ಚಹಾ ನಮ್ಮಲ್ಲಿಲ್ಲ. ಹಾಲು ಹಾಕಿದ್ದನ್ನು ಜನ್ಮದಲ್ಲಿ ಮುಟ್ಟದ ಹೊರಿಗುಚಿ ಯಜಮಾನರ ಮುಖ ಬಿಸಿತುಪ್ಪ ಬಾಯಿಗಿಟ್ಟವರ ಹಾಗಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ನುಂಗಿದರು. ಹುಬ್ಬು ಮೇಲೆ ಹೋಯಿತು. ಇನ್ನೊಂದು ಗುಟುಕು ಕುಡಿದದ್ದನ್ನು ನಾನು ನೋಡಿದೆ. ನನ್ನ ಗಂಡ ಕುಡಿದ, ಬಂಧುಗಳು ಕುಡಿದರು. ಬಟ್ಟಲು ಸಾಲು ಮುಗಿಸಿದಾಗ ಅತ್ತೆ ಚಿಜುರುವಿನ ಕಡೆ ಗದ್ದ ಎತ್ತಿ ತೋರಿಸಿದರು.

ಚಿಜುರು ಬಟ್ಟಲೊಳಗೆ ಬಹಳ ಹೊತ್ತು ನೋಡಿದಳು. ಕುಡಿದಳು. ತಲೆ ಎತ್ತಿದಾಗ ಅವಳ ಮುಖದಲ್ಲಿ ಕ್ಯೋಟೋ ಇರಲಿಲ್ಲ.

"ಅಮ್ಮಾ, ಯಾವಾಗ್ಲಿಂದ ಇದನ್ನ ಕುಡೀತಿದೀರ?"

"ಚಳಿಗಾಲದಿಂದ" ಎಂದರು ಅತ್ತೆ.

"ಫೋನಲ್ಲಿ ಕೇಳ್ದಾಗೆಲ್ಲ, ಗಂಟಲು ಸರಿಹೋಯ್ತು, ದಿನಾ ಚಹಾ ಕುಡೀತೀನಿ, ಅತ್ತಿಗೆ ಮಾತು ನಂಬಬೇಡ, ಒಸಾಕಾದವಳು, ಒಂದಕ್ಕೆ ಹತ್ತು ಸೇರಿಸ್ತಾಳೆ ಅಂದಿದ್ರಲ್ಲ ನೀವು!"

ನಾನು ಅತ್ತೆಯ ಕಡೆ ತಿರುಗಿದೆ. ಚಿಜುರುವಿನ ಮೇಲಿದ್ದ ಸಿಟ್ಟೆಲ್ಲ ಒಂದೇ ಸಲ ದಾರಿ ಬದಲಿಸಿತು. "ಹಾಗಂದ್ರಾ? ನನ್ ಬಗ್ಗೆ? ಸಾಯೋಕೆ ರೆಡಿ ಇದ್ರಿ, ಮಗಳ ಹತ್ರ ಒಂದು ಮಾತು ಹೇಳೋಕೆ ರೆಡಿ ಇರ್ಲಿಲ್ಲ!"

ಅತ್ತೆಯ ಹಳದಿ ಟೊಪ್ಪಿ ಒಂದು ಕಡೆಗೆ ವಾಲಿತ್ತು. ಮಾತು ಹುಡುಕಿ ಹುಡುಕಿ ಹೇಳಿದರು. "ಅವಳಿಗೆ ಕಡೆಯೋಕೆ ಕಲಿಸಿದ್ದು ನಾನು. ಅವಳ ಬಟ್ಟಲನ್ನ ನಾನೇ ನುಂಗಲಾರೆ ಅಂತ... ಹೇಗೆ ಹೇಳ್ಲಿ?"

ಹೊರಿಗುಚಿ ಯಜಮಾನರು ಮೂಗು ಒರೆಸಿಕೊಂಡರು. ನನಗೆ ಅಳು ಬಂತು, ಅಳು ಬಂದದ್ದಕ್ಕೆ ಮತ್ತೆ ಸಿಟ್ಟು ಬಂತು, ಬಟ್ಟಲು ಎತ್ತಿಕೊಂಡು ಹೊರಟುಬಿಟ್ಟೆ.

ಅತಿಥಿಗಳು ಹೋದ ಮೇಲೆ ಚಿಜುರು ಅಡುಗೆಮನೆಗೆ ಬಂದಳು. ನನ್ನನ್ನು ಹೊಗಳಲಿಲ್ಲ. ಬೆಲೆಬಾಳುವ ಕಿಮೋನೋದ ತೋಳನ್ನು ಹಗ್ಗದಿಂದ ಬಿಗಿದು ಕಟ್ಟಿಕೊಂಡು, "ಹೇಳಿಕೊಡಿ, ಅತ್ತಿಗೆ. ಭಾನುವಾರ ನಾನು ಬಂದು ಮಾಡ್ತೀನಿ" ಅಂದಳು.

"ಮೊದ್ಲು ಹಿಟ್ಟು ತಣ್ಣಗಿರೋ ಹಾಲಲ್ಲಿ ಕದಡು. ಬಿಸೀದಕ್ಕೆ ಸುರಿದ್ರೆ ಗಂಟಾಗುತ್ತೆ. ಆ ಕಡೆ ಈ ಕಡೆ ಅಲ್ಲ, ಒಂದೇ ಕಡೆ ತಿರುಗ್ಸು! ಶಿಷ್ಯರಿಗೆ ಹೀಗೇ ಕಲಿಸ್ತೀಯಾ?"

ಹೇಳಿದ ಹಾಗೆಯೇ ತಿರುಗಿಸಿದಳು. ಆದರೂ ಗಂಟಾಯಿತು. ಜರಡಿ ಹಿಡಿಸಿ, ಮಾಚಾ ಅವಳ ಕೈಯಲ್ಲೇ ಕಡೆಸಿದೆ. ಬಟ್ಟಲನ್ನು ಅವಳೇ ಅತ್ತೆಯ ಕೋಣೆಗೆ ಕೊಟ್ಟು ಬಂದಳು. ಎರಡನೆಯ ಪಾತ್ರೆ ಹಾಲನ್ನು ಒಲೆಗಿಟ್ಟು, ಈ ಸಲ ಗಂಟಾಗದಂತೆ ತುಟಿ ಕಚ್ಚಿಕೊಂಡು ತಿರುಗಿಸುತ್ತಿದ್ದಳು.

ಆಗ ಪಕ್ಕದ ಕೋಣೆಯಿಂದ ಕೇಳಿತು. ಸುರ್.

ಚಳಿಗಾಲದಿಂದ ಕೇಳದಿದ್ದ ಸದ್ದು. ಚಿಜುರುವಿನ ಕೈ ನಿಂತುಹೋಯಿತು. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಲಿಲ್ಲ, ನೋಡಿದ್ದರೆ ಇಬ್ಬರ ಮಾನವೂ ಹೋಗುತ್ತಿತ್ತು.

"ಏನ್ ನಿಂತ್ಕೊಂಡೆ?" ಅಂದೆ. "ತಿರುಗ್ಸು. ತಳ ಹಿಡಿಯುತ್ತೆ."